ಹುಲ್ಲು ಹೋದ ದಾರಿಯಲ್ಲೇ ಕಡಲು ಬಂತು

ಕಪ್ಪು ಕಡಲಿನ ಅಂಚಿಗೆ ದಟ್ಟ ಕೆಂಪು. ಕೆಂಪಿನ ಒಡಲಲ್ಲಿ ಕವಲೊಡೆದು ಹರಿಯುವ ತಿಳಿನೀಲಿ ಗೆರೆಗಳು. ಅಮೆರಿಕದ ಲೂಯಿಸಿಯಾನ ಕರಾವಳಿ 1970ರ ದಶಕದ ಉಪಗ್ರಹ ಚಿತ್ರಗಳಲ್ಲಿ ಕಾಣುವುದು ಹೀಗೆ. ಆ ಕೆಂಪು ಬೆಂಕಿಯಲ್ಲ, ಕೆಮ್ಮಣ್ಣೂ ಅಲ್ಲ. ಅದು ಹುಲ್ಲು! ಮಿಸಿಸಿಪ್ಪಿ ನದಿ ಏಳು ಸಾವಿರ ವರ್ಷ ಹೊತ್ತು ತಂದು ಸುರಿದ ಹೂಳಿನ ಮೇಲೆ ಎದ್ದು ನಿಂತ ಜೌಗು ಹುಲ್ಲು, ಕಣ್ಣು ಹಾಯುವಷ್ಟು ದೂರ. ಈಗ ಅದೇ ಜಾಗದ ಇತ್ತೀಚಿನ ಚಿತ್ರವನ್ನು ತಂದು ಪಕ್ಕಕ್ಕಿಡಿ. ಅರೆ, ಕೆಂಪೆಲ್ಲಿ? ಮೈಯೆಲ್ಲ ತೂತು. ತೂತುಗಳು ಒಂದಕ್ಕೊಂದು ಕೂಡಿ ಹೊಂಡ, ಹೊಂಡಗಳು ಕೂಡಿ ಕೊಲ್ಲಿ. ಐವತ್ತು ವರ್ಷಗಳ ಹಿಂದೆ ದನ ಮೇಯುತ್ತಿದ್ದಂಥ ನೆಲದ ಮೇಲೆ ಈಗ ದೋಣಿ ಸಾಗುತ್ತದೆ.

ಎಷ್ಟು ಹೋಯಿತು? ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹಳೆಯ ನಕ್ಷೆ, ವಿಮಾನದಿಂದ ತೆಗೆದ ಚಿತ್ರ, ಉಪಗ್ರಹ ಚಿತ್ರ ಎಲ್ಲವನ್ನೂ ಒಂದರ ಮೇಲೊಂದು ಹರಡಿ ಲೆಕ್ಕ ಹಾಕಿದೆ. 1932ರಿಂದ 2016ರವರೆಗೆ ಸುಮಾರು 4,833 ಚದರ ಕಿಲೋಮೀಟರ್. ಇಡೀ ಗೋವಾ ರಾಜ್ಯವನ್ನು ಮುಳುಗಿಸಿದರೂ ಇನ್ನೂ ಸಾವಿರ ಚದರ ಕಿಲೋಮೀಟರ್ ಮಿಕ್ಕುವಷ್ಟು! 1932ರಲ್ಲಿ ಆ ಕರಾವಳಿಗಿದ್ದ ನೆಲದಲ್ಲಿ ಕಾಲು ಭಾಗ. ಸವೆತ ಅತಿ ಜೋರಾಗಿದ್ದ ವರ್ಷಗಳಲ್ಲಿ ಪ್ರತಿ 34 ನಿಮಿಷಕ್ಕೊಂದು ಅಮೆರಿಕನ್ ಫುಟ್ಬಾಲ್ ಮೈದಾನದಷ್ಟು, ಅಂದರೆ ಒಂದೂಕಾಲು ಎಕರೆಗೂ ತುಸು ಹೆಚ್ಚು ನೆಲ ನೀರಾಗುತ್ತಿತ್ತು. ಆಮೇಲೆ ವೇಗ ತಗ್ಗಿ ನೂರು ನಿಮಿಷಕ್ಕೊಂದು ಮೈದಾನವಾಯಿತು. ಊರಿನವರು ಹೆಸರಿಟ್ಟು ಕರೆಯುತ್ತಿದ್ದ ಕೊಲ್ಲಿ, ಕೆರೆ, ಹಳ್ಳಗಳೆಲ್ಲ ಒಂದೇ ನೀರಾಗಿ ಬೆರೆತುಹೋದ ಮೇಲೆ ಹೆಸರಿಟ್ಟುಕೊಂಡು ಮಾಡುವುದೇನು? ಪ್ಲಾಕಮಿನ್ಸ್ ಎಂಬ ಒಂದೇ ಜಿಲ್ಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರುಗಳನ್ನು ಸರ್ಕಾರಿ ಕಡಲನಕ್ಷೆಯಿಂದ ಅಳಿಸಬೇಕಾಯಿತು. ಯೆಲ್ಲೋ ಕಾಟನ್ ಬೇ ಎಂಬ ಚೆಂದದ ಹೆಸರೂ ಹಾಗೆ ಹೋಯಿತು.

ಇಷ್ಟನ್ನೆಲ್ಲ ಕಂಡ ಕಣ್ಣಿನ ಕಥೆಯೇ ಒಂದು ಬೆರಗು. 1972ರ ಜುಲೈ 23ರಂದು ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಮೇಲೇರಿತು. ಅದರಲ್ಲಿ ದೂರದರ್ಶನದ ಮಾದರಿಯ ಕ್ಯಾಮೆರಾಗಳಿದ್ದವು; ಎಲ್ಲರ ಭರವಸೆ ಅವುಗಳ ಮೇಲೆಯೇ. ಜೊತೆಗೊಂದು ಹೊಸ ಯಂತ್ರವನ್ನೂ ಪ್ರಯೋಗಕ್ಕಿರಲಿ ಎಂದು ಸೇರಿಸಿದ್ದರು. ವರ್ಜೀನಿಯಾ ನಾರ್ವುಡ್ ಎಂಬ ಎಂಜಿನಿಯರ್ ರೂಪಿಸಿದ ಸ್ಕ್ಯಾನರ್ ಅದು. ಅದರೊಳಗಿನ ಕನ್ನಡಿ ಸೆಕೆಂಡಿಗೆ 13 ಸಲ ಅತ್ತಿಂದಿತ್ತ ಬಡಿದುಕೊಳ್ಳುತ್ತ ಕೆಳಗಿನ ನೆಲವನ್ನು ಪಟ್ಟಿ ಪಟ್ಟಿಯಾಗಿ ಓದಬೇಕು. ಹಾಗೆ ಬಡಿದುಕೊಳ್ಳುವ ಕನ್ನಡಿಯನ್ನು ಅಂತರಿಕ್ಷಕ್ಕೆ ಕಳಿಸುವುದೇ ಎಂದು ಹುಬ್ಬೇರಿಸಿದವರಿದ್ದರು. ಆದದ್ದೇನು? ಕೆಲವೇ ವಾರಗಳಲ್ಲಿ ವಿದ್ಯುತ್ ದೋಷದಿಂದ ಆ ಕ್ಯಾಮೆರಾಗಳೇ ಕೈಕೊಟ್ಟವು. ನಾರ್ವುಡ್ ಅವರ ಕನ್ನಡಿ ಮಾತ್ರ ದಣಿಯದೆ ಬಡಿಯಿತು. ಅಂದಿನಿಂದ ಇಂದಿನವರೆಗೆ ಒಂದಲ್ಲ ಒಂದು ಲ್ಯಾಂಡ್‌ಸ್ಯಾಟ್ ನಮ್ಮ ನೆಲವನ್ನು ನೋಡುತ್ತಲೇ ಇದೆ.

ನೋಡುವುದೂ ಹೇಗೆ! ಆ ಸ್ಕ್ಯಾನರ್ ನಮ್ಮ ಕಣ್ಣಿಗೆ ನಿಲುಕದ ಇನ್‌ಫ್ರಾರೆಡ್ ಬೆಳಕನ್ನೂ ಹಿಡಿಯುತ್ತಿತ್ತು. ಜೀವಂತ ಎಲೆಯ ಒಳಕೋಶಗಳು ಆ ಬೆಳಕನ್ನು ಜೋರಾಗಿ ಹಿಂದಕ್ಕೆ ಚೆಲ್ಲುತ್ತವೆ. ನೀರು ಅದನ್ನು ಪೂರ್ತಿ ನುಂಗಿಬಿಡುತ್ತದೆ. ಕಾಣದ ಈ ಬೆಳಕಿಗೆ ಕೆಂಪು ಬಣ್ಣ ಹಚ್ಚಿ ಚಿತ್ರ ಮಾಡಿದರೆ ಹುಲ್ಲು ಕೆಂಪು, ನೀರು ಕಪ್ಪು, ಹೂಳು ಬೆರೆತ ನೀರು ತಿಳಿನೀಲಿ. ಮೊಣಕಾಲುದ್ದ ನೀರಲ್ಲಿ ನಿಂತವನಿಗೆ ಎಲ್ಲಿ ನೆಲ ಮುಗಿದು ಎಲ್ಲಿ ಜೌಗು ಶುರುವಾಯಿತೆಂದು ಹೇಳಲಾಗದು. ನೂರಾರು ಕಿಲೋಮೀಟರ್ ಎತ್ತರದಿಂದ ನೋಡಿದರೆ ಆ ಗೆರೆ ಕೊರೆದಿಟ್ಟಂತೆ ಸ್ಪಷ್ಟ!

ಹಾಗೆಂದು ಒಂದೇ ಚಿತ್ರವನ್ನು ನಂಬಿದಿರೋ, ಕೆಟ್ಟಿರಿ. ಉಬ್ಬರದ ಹೊತ್ತಿನಲ್ಲಿ ತೆಗೆದ ಚಿತ್ರದಲ್ಲಿ ಹುಲ್ಲಿನ ಬುಡವೆಲ್ಲ ನೀರಲ್ಲಿ ಮುಳುಗಿ ಜೌಗು ಸತ್ತೇ ಹೋದಂತೆ ಕಾಣುತ್ತದೆ. ಚಳಿಗಾಲದ ಬಡಗಣ ಗಾಳಿ ನೀರನ್ನು ಕಡಲಿಗೆ ದೂಡಿದ ದಿನ ತೆಗೆದರೆ ನೆಲ ಮರಳಿ ಬಂದಿತೇನೋ ಎಂಬ ಭ್ರಮೆ. ಋತು ಬದಲಾದರೆ ಹುಲ್ಲಿನ ಬಣ್ಣವೂ ಬದಲು. ತೇಲುವ ಅಂತರಗಂಗೆಯಂಥ ಕಳೆ ನೀರನ್ನೇ ಹೊಲದಂತೆ ತೋರಿಸಿ ಮೋಸ ಮಾಡುತ್ತದೆ. ಆದ್ದರಿಂದ ವಿಜ್ಞಾನಿಗಳು ಒಂದೇ ಜಾಗದ ನೂರಾರು ಚಿತ್ರಗಳನ್ನು ಸಾಲಾಗಿಟ್ಟು, ಪ್ರತಿ ಚಿತ್ರದ ದಿನ ನೀರಿನ ಮಟ್ಟ ಎಷ್ಟಿತ್ತೆಂದು ನೋಡಿ, ಬಂದು ಹೋಗುವ ನೀರನ್ನು ತೆಗೆದುಹಾಕುತ್ತಾರೆ. ಕೊನೆಗೆ ಉಳಿಯುವುದೇ ನಿಜವಾದ ನಷ್ಟ. ಅಮೆರಿಕ ಸರ್ಕಾರ 2008ರಲ್ಲಿ ಲ್ಯಾಂಡ್‌ಸ್ಯಾಟ್ ಭಂಡಾರವನ್ನೇ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಒಂದೊಂದು ಚಿತ್ರವನ್ನೂ ದುಡ್ಡು ಕೊಟ್ಟು ಕೊಳ್ಳಬೇಕಿದ್ದ ಕಾಲ ಮುಗಿಯಿತು. ದಶಕಗಳನ್ನು ಒಟ್ಟಿಗೆ ಓದುವ ಕಾಲ ಬಂತು.

ಓದಿದಾಗ ಕಂಡದ್ದೇನು? ಗೆರೆಗಳು! ನೇರ ಗೆರೆಗಳು! ನಿಸರ್ಗ ಅಷ್ಟು ನೇರವಾಗಿ ಎಲ್ಲಿ ಗೆರೆ ಎಳೆಯುತ್ತದೆ? ಹಳ್ಳ ಕೊಳ್ಳಗಳು ಬಳುಕುತ್ತ ಹೋಗುವ ನೆಲದ ಮೇಲೆ ಅಡ್ಡಡ್ಡ, ಉದ್ದುದ್ದ, ಚೌಕ ಚೌಕವಾಗಿ ಕಪ್ಪು ಗೆರೆ. ಅವುಗಳಲ್ಲಿ ಬಹುಪಾಲು ಎಣ್ಣೆ ಮತ್ತು ಅನಿಲ ಕಂಪನಿಗಳು ಬಾವಿ ಕೊರೆಯುವ ಯಂತ್ರಗಳನ್ನು ಸಾಗಿಸಲು, ಕೊಳವೆ ಹಾಸಲು ಅಗೆದ ಕಾಲುವೆಗಳು. ಒಟ್ಟು ಉದ್ದ ಹದಿನಾರು ಸಾವಿರ ಕಿಲೋಮೀಟರಿನಷ್ಟು. ಕಾಲುವೆಯ ಅಗಲ ಎಷ್ಟೋ ಅಷ್ಟೇ ನೆಲ ಹೋಗಿದ್ದರೆ ಮಾತು ಬೇರೆ. ಬಗೆದ ಕೆಸರನ್ನು ದಡದ ಮೇಲೆ ಏರಿಯಂತೆ ಒಟ್ಟಿದರು. ಏರಿಯ ಆಚೆ ಹುಲ್ಲಿಗೆ ಹೊಸ ಹೂಳು ಬರಲಿಲ್ಲ, ನಿಂತ ನೀರು ಹೊರಹೋಗಲಿಲ್ಲ, ಬೇರು ಕೊಳೆಯಿತು. ಕಾಲುವೆಯ ಬಾಯಿಂದ ಕಡಲಿನ ಉಪ್ಪುನೀರು ಸಲೀಸಾಗಿ ಒಳನಾಡಿಗೆ ನುಗ್ಗಿತು. ಸಿಹಿನೀರಿನ ಹುಲ್ಲು ಉಪ್ಪು ಕುಡಿದು ಸತ್ತಿತು. ಬೇರಿನ ಹಿಡಿತ ಹೋದ ಮೇಲೆ ಮಣ್ಣು ಕರಗಲು ಎಷ್ಟು ಹೊತ್ತು? ಗೆರೆಯ ಅಕ್ಕಪಕ್ಕ ತೂತು ಬಿದ್ದದ್ದು ಹೀಗೆ.

ಅದಕ್ಕೂ ಮೊದಲೇ ಇನ್ನೊಂದು ದೊಡ್ಡ ಕೆಲಸ ನಡೆದಿತ್ತು. 1927ರಲ್ಲಿ ಮಿಸಿಸಿಪ್ಪಿ ಉಕ್ಕಿ ಊರೂರನ್ನೇ ಮುಳುಗಿಸಿತು. ಇನ್ನೊಮ್ಮೆ ಹೀಗಾಗಬಾರದೆಂದು ಸೇನೆಯ ಎಂಜಿನಿಯರುಗಳು ನದಿಯ ಎರಡೂ ಕಡೆ ಭಾರೀ ಒಡ್ಡು ಕಟ್ಟಿದರು. ಊರುಗಳು ಉಳಿದವು, ಸರಿ. ಆದರೆ ವರ್ಷ ವರ್ಷ ನೆರೆಯಲ್ಲಿ ಉಕ್ಕಿ ಜೌಗಿನ ಮೇಲೆ ಹೂಳು ಹರಡುತ್ತಿದ್ದ ನದಿ ಈಗ ಒಡ್ಡುಗಳ ನಡುವೆ ಸಿಕ್ಕಿ ತನ್ನ ಹೂಳನ್ನೆಲ್ಲ ಹೊತ್ತೊಯ್ದು ಆಳ ಕಡಲಿಗೆ ಸುರಿಯಿತು. ಮೇಲ್ನಾಡಿನಲ್ಲಿ ಮಿಸೌರಿ ನದಿಗೆ ಕಟ್ಟಿದ ಅಣೆಕಟ್ಟುಗಳು ಬರುವ ಹೂಳನ್ನೇ ಹಿಡಿದಿಟ್ಟುಕೊಂಡವು. ಮೊದಲು ಬರುತ್ತಿದ್ದುದರಲ್ಲಿ ಸುಮಾರು ಅರ್ಧ ಮಾತ್ರ ಬಂತು. ಇತ್ತ ಹಳೆಯ ಹೂಳು ತನ್ನ ಭಾರಕ್ಕೆ ತಾನೇ ಕುಸಿಯುತ್ತಲೇ ಇರುತ್ತದೆ, ಕಡಲು ಏರುತ್ತಲೇ ಇರುತ್ತದೆ. ಕಡಲಂಚಿನ ಗ್ರ್ಯಾಂಡ್ ಐಲ್ ದ್ವೀಪದ ಅಳತೆಗೋಲಿನಲ್ಲಿ ನೆಲಕ್ಕೆ ಹೋಲಿಸಿದರೆ ಕಡಲು ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಮೇಲೇರುತ್ತಿದೆ. ಹೊಸ ಹೂಳಿಲ್ಲದ ಹುಲ್ಲು ಇದನ್ನು ಎಷ್ಟು ಕಾಲ ತಡೆದೀತು?

ಈಗ ಆ ಗೆರೆಗಳ ಪೈಕಿ ಒಂದನ್ನು ಹಿಡಿದು ಪೂರ್ವಕ್ಕೆ ಬನ್ನಿ. ಮೆಕ್ಸಿಕೋ ಕೊಲ್ಲಿಯಿಂದ ನ್ಯೂ ಆರ್ಲಿಯನ್ಸ್ ನಗರದ ಮಗ್ಗುಲಿಗೇ ಬಂದು ತಾಕುವ, ಬಾಣ ಬಿಟ್ಟಷ್ಟು ನೇರವಾದ ಗೆರೆ. ಹಡಗುಗಳಿಗೆ ಅಡ್ಡದಾರಿಯಾಗಲೆಂದು 1960ರ ದಶಕದಲ್ಲಿ ಅಗೆದ 122 ಕಿಲೋಮೀಟರ್ ಕಾಲುವೆ. ಅಗೆದಾಗ ಇನ್ನೂರು ಮೀಟರ್ ಅಗಲ. ದಡ ಸವೆದು ಸವೆದು ಕೆಲವು ಕಡೆ ಆರುನೂರು ಮೀಟರ್ ಆಯಿತು! ಉಪ್ಪುನೀರು ಹೊಕ್ಕು ಸುತ್ತಲಿನ ಸೈಪ್ರೆಸ್ ಕಾಡು ಒಣಗಿ ನಿಂತಿತು. ಬಿರುಗಾಳಿಯ ದಿನ ಕಡಲಿಗೆ ಎದೆಗೊಟ್ಟು ನಿಲ್ಲಬೇಕಾದ ಮರ, ಹುಲ್ಲು ಇಲ್ಲವಾಗಿ ಆ ಜಾಗದಲ್ಲಿ ನೀರಿನ ರಾಜಮಾರ್ಗ ತಯಾರಾಗಿತ್ತು.

2005ರ ಆಗಸ್ಟ್ 29. ಕತ್ರಿನಾ ಚಂಡಮಾರುತ ಬುರಾಸ್ ಎಂಬ ಊರಿನ ಬಳಿ ದಡ ಮುಟ್ಟಿತು. ಪಕ್ಕದ ಮಿಸಿಸಿಪ್ಪಿ ರಾಜ್ಯದ ಕರಾವಳಿಯಲ್ಲಿ ಗಾಳಿ ದೂಡಿ ತಂದ ಕಡಲು ಎಂಟೂವರೆ ಮೀಟರಿನಷ್ಟು ಎದ್ದಿತು. ನ್ಯೂ ಆರ್ಲಿಯನ್ಸ್‌ನ ಕಾಲುವೆ ಗೋಡೆಗಳು ಒಂದಾದ ಮೇಲೊಂದು ಬಿರಿದವು. ಮರುದಿನ ಲ್ಯಾಂಡ್‌ಸ್ಯಾಟ್ 7 ಮೇಲೆ ಹಾದುಹೋಯಿತು. ಅದೋ ಗಾಯಗೊಂಡ ಉಪಗ್ರಹ. 2003ರಲ್ಲಿ ಅದರ ಒಂದು ಭಾಗ ಕೆಟ್ಟು ಪ್ರತಿ ಚಿತ್ರದ ಐದನೇ ಒಂದರಷ್ಟು ಭಾಗ ಖಾಲಿ ಪಟ್ಟಿಗಳಾಗಿ ಹೋಗುತ್ತಿತ್ತು. ಆ ಪಟ್ಟಿಗಳ ನಡುವೆಯೂ ಕಂಡಿತು: ಬೀದಿ, ಮನೆ, ಮೈದಾನಗಳಿದ್ದ ನಗರದ ಮೇಲೆ ಕಪ್ಪು ಹರಡಿದೆ, ಬಡಗಣಕ್ಕಿದ್ದ ಸರೋವರ ನಗರದೊಳಕ್ಕೇ ಕಾಲು ಚಾಚಿದೆ. ನಗರದ ನೂರಕ್ಕೆ ಎಂಬತ್ತು ಭಾಗ ನೀರಲ್ಲಿ. ಸತ್ತವರು ಸಾವಿರಕ್ಕೂ ಹೆಚ್ಚು.

ಕ್ಯಾಮೆರಾಗಳೆಲ್ಲ ನಗರದತ್ತ ತಿರುಗಿದ್ದಾಗ ಉಪಗ್ರಹ ಊರಾಚೆಯದನ್ನೂ ಹಿಡಿದಿತ್ತು. ಶಾಂಡಲೂರ್ ದ್ವೀಪಮಾಲೆ, ಕಡಲಲ್ಲಿ ಬಿಲ್ಲಿನಂತೆ ಬಾಗಿ ಕರಾವಳಿಗೆ ಮೊದಲ ಕಾವಲಾಗಿದ್ದ ಮರಳ ಸಾಲು, ತನ್ನ ವಿಸ್ತಾರದ ನೂರಕ್ಕೆ ಎಂಬತ್ತೈದರಷ್ಟನ್ನು ಕಳೆದುಕೊಂಡಿತ್ತು. ಬ್ರೆಟನ್ ಸೌಂಡ್ ಬಳಿಯ ಜೌಗಿನಲ್ಲಿ ಇನ್ನೂ ವಿಚಿತ್ರ. ಅಲ್ಲಿನ ಹುಲ್ಲು ಬೇರಿನ ಸಮೇತ ಮೆತ್ತಗಿನ ಪದರವಾಗಿ ಹಾಸಿಕೊಂಡಿತ್ತು. ಬೆಳಗ್ಗೆ ಎದ್ದವರು ಕೌದಿಯನ್ನು ಕಾಲಲ್ಲಿ ಒತ್ತರಿಸಿ ಮೂಲೆಗೆ ತಳ್ಳುವಂತೆ ಚಂಡಮಾರುತ ಆ ಪದರವನ್ನು ಮಡಿಕೆ ಮಡಿಕೆಯಾಗಿ ಒಂದು ಬದಿಗೆ ತಳ್ಳಿತ್ತು. ಹಾಸಿದ್ದ ಜಾಗದಲ್ಲಿ ಬರೀ ನೀರು. ಮೂರೂವರೆ ವಾರ ಕಳೆದು ರೀಟಾ ಚಂಡಮಾರುತವೂ ಬಂತು. ಎರಡೂ ಸೇರಿ ಸುಮಾರು 562 ಚದರ ಕಿಲೋಮೀಟರ್ ನೆಲ ನೀರಾಯಿತು. ಶತಮಾನಗಳ ಹುಲ್ಲು ಒಂದು ತಿಂಗಳೊಳಗೆ!

ಹಾಗಾದರೆ ಖಳನಾಯಕ ಚಂಡಮಾರುತವೇ? ಇಲ್ಲಿದೆ ನೋಡಿ ನಿಜವಾದ ಅಚ್ಚರಿ. ಲೂಯಿಸಿಯಾನದ ವಿಜ್ಞಾನಿಗಳು ಬದುಕುಳಿದ ಜೌಗಿಗೆ ಇಳಿದು ಮಣ್ಣು ಅಗೆದರು. ಹುಲ್ಲಿನ ಬುಡದಲ್ಲಿ ಹೊಸ ಕೆಸರು! ಕತ್ರಿನಾ ಮತ್ತು ರೀಟಾ ಕಡಲ ತಳವನ್ನು ಕದಡಿ 13 ಕೋಟಿ ಟನ್ನಿಗೂ ಹೆಚ್ಚು ಹೂಳನ್ನು ಕರಾವಳಿಯ ಜೌಗಿನ ಮೇಲೆ ಹರವಿ ಹೋಗಿದ್ದವೆಂದು 2006ರಲ್ಲಿ ಲೆಕ್ಕ ಪ್ರಕಟವಾಯಿತು. ಬೇರು ಗಟ್ಟಿಯಿದ್ದ ಹುಲ್ಲಿಗೆ ಅದೇ ಗೊಬ್ಬರ, ಅದೇ ಆಸರೆ. ಸಾವಿರಾರು ವರ್ಷ ಚಂಡಮಾರುತಗಳು ಬಡಿದರೂ ಈ ಜೌಗು ಬದುಕಿದ್ದರ ಗುಟ್ಟು ಇಲ್ಲಿದೆ: ಗಾಳಿ ಕಿತ್ತದ್ದನ್ನು ನದಿ ತುಂಬುತ್ತಿತ್ತು, ಕೆಲವೊಮ್ಮೆ ಗಾಳಿಯೇ ತುಂಬುತ್ತಿತ್ತು. ನದಿಯನ್ನು ಕಟ್ಟಿಹಾಕಿದ ಮೇಲೆ ಕೀಳುವ ಕೆಲಸ ಉಳಿಯಿತು, ತುಂಬುವ ಕೆಲಸ ನಿಂತಿತು. ಚಂಡಮಾರುತಕ್ಕೆ ಸಿಕ್ಕಿದ್ದು ಒಂದು ದಿನ. ಅದು ಬರುವ ದಾರಿಯನ್ನು ಮನುಷ್ಯರು ಎಪ್ಪತ್ತು ವರ್ಷ ಸವೆಸಿದ್ದರು.

ಹುಲ್ಲು ಕಡಲನ್ನು ತಡೆಯುತ್ತದೆಯೇ ಎಂದು ನಗುವವರಿದ್ದಾರೆ. ಒಂದೊಂದು ಕಡ್ಡಿಯೂ ನೀರಿಗೆ ಒಂದಿಷ್ಟು ಅಡ್ಡಿ. ಕೋಟಿ ಕೋಟಿ ಕಡ್ಡಿ, ಮೈಲಿಗಟ್ಟಲೆ ದೂರ ನಿಂತರೆ ಅಲೆಯ ಕಸುವು ಸೋರಿಹೋಗುತ್ತದೆ. ಎರಡೂಮುಕ್ಕಾಲು ಮೈಲಿ ಜೌಗು ಇದ್ದರೆ ಏರಿದ ಕಡಲು ಒಂದಡಿ ತಗ್ಗುತ್ತದೆ ಎಂಬ ಹಳೆಯ ಲೆಕ್ಕವೊಂದು ಅಮೆರಿಕದ ಎಂಜಿನಿಯರುಗಳಲ್ಲಿ ಬಳಕೆಯಲ್ಲಿತ್ತು. ನಿಜ ಅಷ್ಟು ಸರಳವಲ್ಲ. ನಿಧಾನವಾಗಿ ಸಾಗುವ ಚಂಡಮಾರುತ ನೀರಿಗೆ ಜೌಗನ್ನು ದಾಟಿ ಬರುವಷ್ಟು ಪುರಸೊತ್ತು ಕೊಡುತ್ತದೆ, ವೇಗವಾಗಿ ಸಾಗುವುದು ಕೊಡುವುದಿಲ್ಲ. ಆದರೂ ಹಣದ ಲೆಕ್ಕದಲ್ಲಿ ನೋಡಿ: 2012ರ ಸ್ಯಾಂಡಿ ಚಂಡಮಾರುತದಲ್ಲಿ ಅಮೆರಿಕದ ಈಶಾನ್ಯ ಕರಾವಳಿಯ ಜೌಗುಗಳು 62 ಕೋಟಿ 50 ಲಕ್ಷ ಡಾಲರಿನಷ್ಟು ನೆರೆಹಾನಿಯನ್ನು ತಪ್ಪಿಸಿದವೆಂದು 2017ರ ಅಧ್ಯಯನವೊಂದು ಹೇಳಿತು. ಸಂಬಳವಿಲ್ಲದೆ ದುಡಿದ ಹುಲ್ಲು!

ಚಂಡಮಾರುತದ ದಿನವೇ ಕೆಳಗೆ ಏನಾಗುತ್ತಿದೆಯೆಂದು ನೋಡಬೇಕೆಂದರೆ ಲ್ಯಾಂಡ್‌ಸ್ಯಾಟ್‌ಗೆ ಆಗದು. ಮೋಡ ಅಡ್ಡ. ಆಗ ಬರುವುದು ರೇಡಾರ್ ಉಪಗ್ರಹ. ತಾನೇ ಅಲೆಯನ್ನು ಕಳಿಸಿ ತಾನೇ ಪ್ರತಿಧ್ವನಿ ಕೇಳುವ ಯಂತ್ರ. ಮೋಡವಿರಲಿ, ಕತ್ತಲಿರಲಿ, ಲೆಕ್ಕಕ್ಕಿಲ್ಲ. ನಿಶ್ಚಲ ನೀರಿಗೆ ಓರೆಯಾಗಿ ಬಿದ್ದ ರೇಡಾರ್ ಅಲೆ ಆಚೆಗೆ ಪುಟಿದು ಹೋಗುತ್ತದೆ, ಮರಳುವುದಿಲ್ಲ. ಬಯಲು ನೆರೆ ಚಿತ್ರದಲ್ಲಿ ಕಡುಕಪ್ಪು. ಆದರೆ ಮರಗಳ ನಡುವೆ ನೀರು ನಿಂತಿದ್ದರೆ? ಅಲೆ ನೀರಿಗೆ ಬಡಿದು ಕಾಂಡಕ್ಕೆ ತಾಗಿ ನೇರ ಉಪಗ್ರಹದತ್ತಲೇ ಮರಳುತ್ತದೆ. ಮುಳುಗಿದ ಕಾಡು ಫಳಫಳ ಹೊಳೆಯುತ್ತದೆ! ಒಂದೇ ನೆರೆ, ಬಯಲಲ್ಲಿ ಕಪ್ಪು, ಕಾಡಲ್ಲಿ ಬೆಳ್ಳಗೆ. ಬೇರೆ ಬೇರೆ ದಿನ ತೆಗೆದ ಎರಡು ರೇಡಾರ್ ಚಿತ್ರಗಳ ಅಲೆಗಳನ್ನು ತಾಳೆ ನೋಡಿದರೆ ಲೂಯಿಸಿಯಾನದ ಸೈಪ್ರೆಸ್ ಮರಗಳ ಕೆಳಗೆ ನೀರು ಎಷ್ಟು ಸೆಂಟಿಮೀಟರ್ ಏರಿತು, ಇಳಿಯಿತು ಎಂದೂ ತಿಳಿಯುತ್ತದೆ. ಎಲೆ ಮುಚ್ಚಿದ ನೀರನ್ನು ಅಂತರಿಕ್ಷದಿಂದ ಅಳೆಯುವುದು!

ಈ ಕೆಲಸಕ್ಕೀಗ ಬೆಂಗಳೂರಿನಲ್ಲಿ ಜೋಡಣೆಯಾದ ಕಣ್ಣೂ ಇದೆ. ನಾಸಾ ಮತ್ತು ಇಸ್ರೋ ಕೂಡಿ ಕಟ್ಟಿದ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಮೇಲೇರಿತು. ಅಮೆರಿಕದಲ್ಲಿ ಸಿದ್ಧವಾದ ರೇಡಾರ್ ಉಪಕರಣ 2023ರಲ್ಲಿ ಸರಕು ವಿಮಾನದಲ್ಲಿ ಬೆಂಗಳೂರಿಗೆ ಬಂತು, ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಉಪಗ್ರಹದ ಉಳಿದ ಭಾಗಗಳೊಂದಿಗೆ ಅದನ್ನು ಬೆಸೆದರು. ಅದರಲ್ಲಿ ಎರಡು ರೇಡಾರ್‌ಗಳು. ನಾಸಾದ ರೇಡಾರಿನ ಅಲೆ ಸುಮಾರು 24 ಸೆಂಟಿಮೀಟರ್ ಉದ್ದ, ಎಲೆಗಳ ಚಾವಣಿಯನ್ನು ತೂರಿ ಕೆಳಗಿನ ಕಾಂಡ, ನೀರು, ನೆಲವನ್ನು ತಾಗುತ್ತದೆ. ಇಸ್ರೋದ ರೇಡಾರಿನ ಅಲೆ ಅದಕ್ಕಿಂತ ಗಿಡ್ಡ. ಹನ್ನೆರಡು ಮೀಟರ್ ಅಗಲದ ಬಲೆಯಂಥ ಆಂಟೆನಾ ಅಲ್ಲಿ ಮೇಲೆ ಹೋಗಿ ಬಿಚ್ಚಿಕೊಂಡಿತು. ಪ್ರತಿ 12 ದಿನಕ್ಕೊಮ್ಮೆ ಅದೇ ಹಾದಿಯಲ್ಲಿ ಮರಳಿ ಬರುತ್ತದೆ. ಜೌಗು ಕುಸಿಯುವುದನ್ನು ಐವತ್ತು ವರ್ಷಗಳ ಚಿತ್ರ ಕೂಡಿಸಿ ತಿಳಿಯಬೇಕಿದ್ದಲ್ಲಿ ಈಗ ಒಂದು ಋತುವಿನೊಳಗೇ ಅದರ ನಾಡಿ ಹಿಡಿಯುವ ಸಾಧ್ಯತೆ ತೆರೆದಿದೆ.

ನಷ್ಟದ ಕಥೆ ಸಾಕು. ನಕ್ಷೆಯಲ್ಲಿ ಪಶ್ಚಿಮಕ್ಕೆ ಸರಿಯಿರಿ. 1940ರ ದಶಕದ ಆರಂಭದಲ್ಲಿ ಮಾರ್ಗನ್ ಸಿಟಿ ಎಂಬ ಊರನ್ನು ನೆರೆಯಿಂದ ಉಳಿಸಲು ಎಂಜಿನಿಯರುಗಳು ಅಚಾಫಲಾಯ ನದಿಯಿಂದ ಕಡಲಿಗೊಂದು ಕಾಲುವೆ ತೋಡಿದರು. ಹೆಸರು ವ್ಯಾಕ್ಸ್ ಲೇಕ್ ಔಟ್‌ಲೆಟ್. ಯಾರೂ ಅದರಿಂದ ನೆಲವನ್ನು ಕೇಳಿರಲಿಲ್ಲ. ಬಾಯಲ್ಲಿ ಒಡ್ಡಿಲ್ಲ, ಹೂಳು ತನ್ನ ಪಾಡಿಗೆ ತಾನು ಕಡಲ ತಳಕ್ಕೆ ಇಳಿಯುತ್ತ ಹೋಯಿತು. 1973ರ ಮಹಾಪೂರದಲ್ಲಿ ಹೊಸ ನೆಲ ನೀರಿನಿಂದ ತಲೆ ಎತ್ತಿತು. ಲ್ಯಾಂಡ್‌ಸ್ಯಾಟ್ ಕಣ್ಣು ತೆರೆದ ಮರುವರ್ಷವೇ! ಒಂದು ನದೀಮುಖಜ ಭೂಮಿ ಹುಟ್ಟುವುದನ್ನು ಹುಟ್ಟಿದ ದಿನಗಳಿಂದಲೇ ಮೇಲಿನಿಂದ ನೋಡುವ ಭಾಗ್ಯ ಹಿಂದೆ ಯಾರಿಗಿತ್ತು? ವರ್ಷ ವರ್ಷ ಅದು ಬೀಸಣಿಗೆಯಾಗಿ ಬಿಚ್ಚಿಕೊಂಡಿದೆ. ಮೊದಲು ಮರಳ ದಿಬ್ಬ, ಆಮೇಲೆ ಹುಲ್ಲು, ಹಳದಿ ತಾವರೆ, ಎತ್ತರದ ಅಂಚಿನಲ್ಲಿ ವಿಲೋ ಮರಗಳು. ಸುತ್ತಲ ಕರಾವಳಿ ಮುಳುಗುತ್ತಿದ್ದರೆ ಇಲ್ಲಿ ನೆಲ ಬೆಳೆಯುತ್ತಿದೆ! 2021ರಲ್ಲಿ ನಾಸಾ ಡೆಲ್ಟಾ-ಎಕ್ಸ್ ಎಂಬ ಹೆಸರಿನಲ್ಲಿ ರೇಡಾರ್ ಹೊತ್ತ ವಿಮಾನಗಳನ್ನು ಹಾರಿಸಿ, ಕೆಳಗೆ ದೋಣಿಗಳಲ್ಲಿ ವಿಜ್ಞಾನಿಗಳನ್ನು ಕಳಿಸಿ, ಹೂಳು ಎಲ್ಲಿ ನಿಲ್ಲುತ್ತದೆ, ಬೇರು ಎಲ್ಲಿ ಹಿಡಿಯುತ್ತದೆ ಎಂದು ಅಳೆಯಿತು.

ಇದನ್ನು ಬೇಕೆಂದೇ ಮಾಡಬಾರದೇಕೆ? ಲೂಯಿಸಿಯಾನ ಆ ಯೋಚನೆಯನ್ನೂ ಮಾಡಿತು. ನ್ಯೂ ಆರ್ಲಿಯನ್ಸ್‌ನ ದಕ್ಷಿಣಕ್ಕೆ ಒಡ್ಡಿನಲ್ಲಿ ಬಾಗಿಲಿಟ್ಟು ಮಿಸಿಸಿಪ್ಪಿಯ ಹೂಳುನೀರನ್ನು ಬರಟಾರಿಯ ಜೌಗಿಗೆ ಬಿಡುವ, ಸುಮಾರು 300 ಕೋಟಿ ಡಾಲರಿನ ಯೋಜನೆಗೆ 2023ರಲ್ಲಿ ಗುದ್ದಲಿ ಬಿತ್ತು. ಸಿಹಿನೀರು ನುಗ್ಗಿದರೆ ಸಿಂಪಿ, ಸೀಗಡಿ ಸಾಯುತ್ತವೆ, ನಮ್ಮ ಹೊಟ್ಟೆಪಾಡೇನು ಎಂದು ಮೀನುಗಾರರು ಕೇಳಿದರು. ವೆಚ್ಚ, ವ್ಯಾಜ್ಯ ಬೆಳೆದವು. 2025ರ ಜುಲೈಯಲ್ಲಿ ರಾಜ್ಯವೇ ಯೋಜನೆಯನ್ನು ಕೈಬಿಟ್ಟಿತು. ಅತ್ತ ಐಲ್ ಡಿ ಜೀನ್ ಚಾರ್ಲ್ಸ್ ಎಂಬ ದ್ವೀಪದಲ್ಲಿ ತಲೆಮಾರುಗಳಿಂದ ಬಾಳಿದ ಮೂಲನಿವಾಸಿ ಕುಟುಂಬಗಳಿಗೆ ಕಾಯುವ ಪುರಸೊತ್ತಿರಲಿಲ್ಲ. 1955ರಿಂದೀಚೆಗೆ ಆ ದ್ವೀಪದ ನೂರಕ್ಕೆ 98 ಭಾಗ ನೀರಾಗಿದೆ. ಸರ್ಕಾರದ ನೆರವಿನಿಂದ ಒಳನಾಡಿನಲ್ಲಿ ಕಟ್ಟಿದ ಹೊಸ ಮನೆಗಳಿಗೆ 2022ರಲ್ಲಿ ಅವರು ಗಂಟುಮೂಟೆ ಕಟ್ಟಿದರು.

ನ್ಯೂ ಆರ್ಲಿಯನ್ಸ್ ನಗರ ಮಾತ್ರ ತನ್ನ ಸುತ್ತ ಹೊಸ ಗೋಡೆ ಎಬ್ಬಿಸಿಕೊಂಡಿದೆ. ಕತ್ರಿನಾ ಬಂದ ಅದೇ ಆಗಸ್ಟ್ 29ಕ್ಕೆ, ಹದಿನಾರು ವರ್ಷ ಕಳೆದು 2021ರಲ್ಲಿ, ಐಡಾ ಚಂಡಮಾರುತ ಗಂಟೆಗೆ 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಅಪ್ಪಳಿಸಿತು. ಗೋಡೆ ನಿಂತಿತು, ನಗರ ಉಳಿಯಿತು. ಗೋಡೆಯ ಹೊರಗಿದ್ದ ಲಾಪ್ಲೇಸ್, ಜೀನ್ ಲಫೀಟ್ ಊರುಗಳು ಮುಳುಗಿದವು. ಗೋಡೆಗೆ ಒಂದು ಅಂಚಿದೆ. ಅಂಚಿನಾಚೆ ಹುಲ್ಲೇ ಗತಿ.

ಇದನ್ನೆಲ್ಲ ನಂಬಲು ನನ್ನ ಮಾತು ಬೇಕಿಲ್ಲ. ಕೈಯಲ್ಲಿರುವ ಫೋನಿನಲ್ಲೇ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ತೆರೆಯಿರಿ. ಅದರ ಚಿತ್ರಮಾಲೆ 1984ರಿಂದ ಶುರು. ಮೊದಲು ಉತ್ತರ ಅಕ್ಷಾಂಶ 29.8, ಪಶ್ಚಿಮ ರೇಖಾಂಶ 89.8ಕ್ಕೆ ಹೋಗಿ ವರ್ಷಗಳನ್ನು ಓಡಿಸಿ. 2005 ದಾಟುತ್ತಿದ್ದಂತೆ ಬೆಚ್ಚಿಬೀಳುತ್ತೀರಿ. ಅಲ್ಲೇ ನಿಲ್ಲಬೇಡಿ. ಪಶ್ಚಿಮಕ್ಕೆ ಸರಿದು 29.5, 91.4ಕ್ಕೆ ಬನ್ನಿ, ಮತ್ತೆ ಓಡಿಸಿ. ನೀರಿನೊಳಗಿಂದ ನೆಲ ಏಳುತ್ತದೆ. ಎರಡೂ ಕಡೆ ಅದೇ ಕಡಲು, ಅದೇ ಚಂಡಮಾರುತಗಳು. ನದಿಗೆ ದಾರಿ ಬಿಟ್ಟರೋ ಇಲ್ಲವೋ ಎಂಬುದೇ ದೊಡ್ಡ ವ್ಯತ್ಯಾಸ.